ಕೂಡಿ ದುಡಿಯುವ ಸೇವೆ

ಚಿಕ್ಕಬಳ್ಳಾಪುರದ ಸಿ.ಎಸ್.ಐ. ಆಸ್ಪತ್ರೆಯು ಲಂಡನ್ ಮಿಷನ್ನಿನ ವೈದ್ಯಸೇವೆಯನ್ನು ಮುಂದುವರಿಸಿಕೊಂಡು ಬಂದ ಸಂಸ್ಥೆಯಾಗಿದ್ದು, ಅದರ ಮಾತೃಸಂಸ್ಥೆಯಾದ ದಕ್ಷಿಣ ಭಾರತ ಸಭೆ (ಸಿ.ಎಸ್.ಐ.), ಅಂದರೆ ಆಂಗ್ಲಿಕನ್, ಮೆಥಡಿಸ್ಟ್, ಪ್ರೆಸ್ಬಿಟೇರಿಯನ್ ಮತ್ತು ಕಾಂಗ್ರಿಗೇಷನಲ್ ಪರಂಪರೆಗಳು 1947ರ ಸೆಪ್ಟೆಂಬರ್ 27ರಂದು ಒಂದಾಗಿ ಕಟ್ಟಿದ ಕ್ರೈಸ್ತ ಸಮುದಾಯ, ತಾನೇ ಕೂಡಿ ದುಡಿಯುವ ಸಂಕಲ್ಪದ ಫಲವಾಗಿದೆ. ಆಸ್ಪತ್ರೆಯ ಸೇವೆಯಲ್ಲಿ ಈ ಸಂಕಲ್ಪ ಅತ್ಯಂತ ಸ್ಪಷ್ಟವಾಗಿ ಕಾಣುವುದು ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ: ಅರಿವಳಿಕೆ ತಜ್ಞರು ರೋಗಿಯ ಉಸಿರನ್ನು ಕಾಯುತ್ತಿರುವಾಗ, ದಾದಿಯರು ಬಳಸಿದ ಬಟ್ಟೆ, ಸೂಜಿ, ಉಪಕರಣಗಳನ್ನೆಲ್ಲ ಎಣಿಸಿ ಲೆಕ್ಕ ಸರಿಯಿದೆಯೆಂದ ಬಳಿಕವೇ ಶಸ್ತ್ರವೈದ್ಯರು ಹೊಲಿಗೆ ಮುಗಿಸುತ್ತಾರೆ. ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ ಅಪೊಸ್ತಲ ಪೌಲನು ಸಭೆಯನ್ನು ಹಲವು ಅಂಗಗಳುಳ್ಳ ಒಂದೇ ದೇಹವೆಂದು ಕರೆದಾಗ ಸೂಚಿಸಿದ್ದು ಇಂಥ ಪರಸ್ಪರ ಅವಲಂಬನೆಯನ್ನೇ. ಹಿರಿಯ ವೈದ್ಯರೂ ದಾದಿಯ ಮಾತಿಗೆ ಕಾಯುವ ಈ ಶಿಸ್ತು, ಒಬ್ಬರ ತ್ಯಾಗಕ್ಕಿಂತ ಹಲವರ ಹೊಂದಾಣಿಕೆಯೇ ಜೀವ ಉಳಿಸುತ್ತದೆಂಬುದನ್ನು ತೋರುವುದರಿಂದ, ಮನಃಪೂರ್ವಕ ಮೆಚ್ಚುಗೆಗೆ ಅರ್ಹವಾಗಿದೆ.