ಖುಲ್ತಾಬಾದಿನ ಮಾತುಕತೆ: ಒಂದು ವಿವೇಚನೆ

ಎಲ್ಲೋರದ ಕೈಲಾಸ ದೇವಾಲಯವನ್ನು ನೋಡಬೇಕೆಂದು ಮುಂಬಯಿಯಿಂದ ಬರುವ ಕನ್ನಡಿಗರು ಕಡಿಮೆಯಲ್ಲ. ರಾಷ್ಟ್ರಕೂಟರ ಕೃಷ್ಣರಾಜನ ಕಾಲದ್ದು ಎಂದ ಮೇಲೆ ಅದು ನಮ್ಮದೇ ಎಂಬ ಅಭಿಮಾನ ಬೇರೆ. ಕಚೇರಿಯ ವರ್ಗಾವಣೆಯಿಂದಾಗಿ ಮೂರು ವರ್ಷಗಳಿಂದ ಛತ್ರಪತಿ ಸಂಭಾಜಿನಗರದಲ್ಲಿ, ಅಂದರೆ 2023ರ ವರೆಗೆ ಔರಂಗಾಬಾದ್ ಎನಿಸಿಕೊಂಡಿದ್ದ ಊರಿನಲ್ಲಿ, ಬಿಡಾರ ಹೂಡಿರುವ ನನಗೆ ಇಂಥ ನೆಂಟರನ್ನೂ ಸ್ನೇಹಿತರನ್ನೂ ಕರೆದೊಯ್ಯುವ ಕೆಲಸ ಆಗಾಗ ಬರುತ್ತದೆ. ದೌಲತಾಬಾದಿನ ಕೋಟೆಯನ್ನು ನೋಡಿ, ಘಾಟಿ ಹತ್ತಿ, ಎಲ್ಲೋರಕ್ಕೆ ಇಳಿಯುವ ಮುನ್ನ ಸಿಗುವ ಊರೇ ಖುಲ್ತಾಬಾದ್. ಔರಂಗಜೇಬನ ಸಮಾಧಿ ಇಲ್ಲಿದೆ ಎಂದು ಹತ್ತು ನಿಮಿಷ ಗಾಡಿ ನಿಲ್ಲಿಸುತ್ತಾರೆ, ನೋಡುತ್ತಾರೆ, ಊಟದ ಹೊತ್ತಾಯಿತೆಂದು ಹೊರಡುತ್ತಾರೆ. ಮೊದಲು ನಾನೂ ಹಾಗೆಯೇ ಮಾಡಿದವನು.

ಈ ಊರಿನ ಬೇರೊಂದು ಸಂಪತ್ತು ನನ್ನ ಗಮನಕ್ಕೆ ಬಂದದ್ದು ತಡವಾಗಿ. ಸ್ನೇಹಿತರ ನಡುವೆ ದಿನವೂ ನಡೆಯುವ ಸಣ್ಣಪುಟ್ಟ ಮಾತುಕತೆಯನ್ನು ಬರೆದಿಟ್ಟು ಅದನ್ನೇ ಸಾಹಿತ್ಯವಾಗಿಸಿದ ಕೆಲವರು ಈ ಮಣ್ಣಿನಲ್ಲಿದ್ದಾರೆ. ನಾನು ಸಾಹಿತ್ಯದ ವಿದ್ಯಾರ್ಥಿಯಲ್ಲ, ಓದಿದ್ದು ಬಿ.ಎಸ್‌ಸಿ., ಮಾಡುತ್ತಿರುವುದು ಗುಮಾಸ್ತಗಿರಿ. ಫಾರಸಿಯೂ ಬಾರದು. ಇಂಗ್ಲಿಷ್ ಅನುವಾದದಲ್ಲಿಯೂ ಇತಿಹಾಸಕಾರರ ಬರಹಗಳಲ್ಲಿಯೂ ಕಂಡದ್ದನ್ನು ಆಧರಿಸಿ, ದಿನನಿತ್ಯದ ಮಾತು ಯಾವಾಗ ಸಾಹಿತ್ಯವಾಗುತ್ತದೆ, ಯಾವಾಗ ಬರಿಯ ಕಡತವಾಗುತ್ತದೆ ಎಂಬ ಪ್ರಶ್ನೆಯನ್ನು ಇಲ್ಲಿ ವಿವೇಚಿಸಲು ಹೊರಟಿದ್ದೇನೆ. ಅಧಿಕಪ್ರಸಂಗವೆನಿಸಿದರೆ ಓದುಗರು ಮನ್ನಿಸಬೇಕು.

ಈ ಬಗೆಯ ಬರಹಗಾರರಲ್ಲಿ ಮೊದಲು ಹೇಳಬೇಕಾದವನು ಅಮೀರ್ ಹಸನ್ ಸಿಜ್ಜೀ. ದೆಹಲಿಯ ಕವಿ, ಅಮೀರ್ ಖುಸ್ರೋವಿನ ಗೆಳೆಯ, ಸೈನ್ಯದಲ್ಲಿ ಸಂಬಳಕ್ಕಿದ್ದವನು. ಸೂಫಿ ಗುರು ನಿಜಾಮುದ್ದೀನ್ ಔಲಿಯಾ ಅವರ ಬಳಿಗೆ ಹೋದಾಗಲೆಲ್ಲ ಅಲ್ಲಿ ಕೇಳಿದ್ದನ್ನು ಮನೆಗೆ ಬಂದು ಬರೆದಿಡತೊಡಗಿದ. 1308ರಲ್ಲಿ ಆರಂಭವಾದ ಈ ಕೆಲಸ 1322ರ ವರೆಗೆ ನಡೆಯಿತು. ಹೀಗೆ 188 ಬೈಠಕ್ಕುಗಳ ವೃತ್ತಾಂತ ಸೇರಿ ಆದ ಗ್ರಂಥವೇ ‘ಫವಾಯಿದುಲ್ ಫುವಾದ್’. ಬ್ರೂಸ್ ಲಾರೆನ್ಸ್ ಎಂಬ ವಿದ್ವಾಂಸರು ಮಾಡಿದ ಇದರ ಇಂಗ್ಲಿಷ್ ಅನುವಾದ 1992ರಲ್ಲಿ ಪ್ರಕಟವಾಯಿತು. 1327ರ ಸುಮಾರಿಗೆ ಮುಹಮ್ಮದ್ ಬಿನ್ ತುಘಲಕ್ ದೆಹಲಿಯ ಗಣ್ಯರನ್ನೆಲ್ಲ ದೌಲತಾಬಾದಿಗೆ ಸಾಗಿಸಿದಾಗ ಹಸನನೂ ಇತ್ತ ಬಂದ. ಹಿಂದಿರುಗಲಿಲ್ಲ. ಅವನ ಗೋರಿ ಖುಲ್ತಾಬಾದಿನಲ್ಲಿದೆ. ವರ್ಗವಾಗಿ ಬಂದ ಊರಿನಲ್ಲೇ ಉಳಿದುಹೋದವರ ಕಥೆ ನಮಗೆ ಹೊಸದಲ್ಲವಷ್ಟೆ.

ಇಂಥ ಗ್ರಂಥಗಳಿಗೆ ‘ಮಲ್ಫೂಜಾತ್’ ಎಂದು ಹೆಸರು. ನುಡಿದದ್ದು ಎಂದು ಅದರ ಅರ್ಥ. ನಮ್ಮ ‘ವಚನ’ ಎಂಬ ಮಾತಿನ ಅರ್ಥವೂ ಅದೇ. ಆದರೆ ವಚನದಲ್ಲಿ ಉಳಿದಿರುವುದು ನುಡಿಯ ಸಾರ. ಯಾರು ಕೇಳಿದರು, ಯಾವ ದಿನ, ಎದುರಿಗೆ ಯಾರು ಕುಳಿತಿದ್ದರು ಎಂಬುದು ಉಳಿದಿಲ್ಲ. ಆ ಕೊರತೆಯನ್ನು ತುಂಬಲೆಂದೇ ಹದಿನೈದನೆಯ ಶತಮಾನದಲ್ಲಿ ‘ಶೂನ್ಯಸಂಪಾದನೆ’ಯ ಸಂಕಲನಕಾರರು ವಚನಗಳನ್ನು ಸಂವಾದದ ರೂಪದಲ್ಲಿ ಜೋಡಿಸಿದರು. ಅದು ಮಹತ್ವದ ಸೃಷ್ಟಿ ನಿಜ. ಆದರೂ ಆ ಸಭೆ ಶರಣರ ಕಾಲಕ್ಕೆ ಎರಡು ಶತಮಾನಗಳಿಗೂ ಹೆಚ್ಚು ಕಾಲ ಕಳೆದ ಮೇಲೆ ಕಟ್ಟಿದ ಸಭೆ. ಹಸನನಾದರೋ ಅಂದು ಕೇಳಿದ್ದನ್ನು ತಾರೀಖು ಹಾಕಿ ಬರೆದವನು. ಈ ವ್ಯತ್ಯಾಸವನ್ನು ಮೊದಲು ಗಮನಿಸಬೇಕು.

ಹಸನನ ಕ್ರಮದಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದ ಸಂಗತಿಯೊಂದಿದೆ. ಮೊದಮೊದಲು ಅವನು ಗುರುವಿಗೆ ತಿಳಿಸದೆಯೇ ಬರೆಯುತ್ತಿದ್ದ. ಕೊನೆಗೊಂದು ದಿನ ಒಪ್ಪಿಕೊಂಡು ಹಾಳೆಗಳನ್ನು ಮುಂದಿಟ್ಟ. ಗುರುಗಳು ಗದರಲಿಲ್ಲ, ತಾವೂ ತಮ್ಮ ಗುರು ಫರೀದರ ಮಾತುಗಳನ್ನು ಹೀಗೆಯೇ ಬರೆದಿಟ್ಟುಕೊಂಡಿದ್ದುದನ್ನೂ, ಯಾರೋ ಪುಣ್ಯಾತ್ಮರು ಬಿಳಿಯ ಹಾಳೆಗಳ ಒಂದು ಕಟ್ಟನ್ನು ಆಗ ತಮಗೆ ಕೊಟ್ಟಿದ್ದನ್ನೂ ನೆನೆಸಿಕೊಂಡರು. ಹಸನನ ಬರಹದಲ್ಲಿ ಅಲ್ಲಲ್ಲಿ ಜಾಗ ಖಾಲಿ ಇತ್ತು. ಸರಿಯಾಗಿ ನೆನಪಾಗದ ಕಡೆ ಅವನು ಊಹಿಸಿ ತುಂಬದೆ ಹಾಗೆಯೇ ಬಿಟ್ಟಿದ್ದ. ಗುರುಗಳು ಅವನ್ನು ತಾವೇ ತುಂಬಿಸಿಕೊಟ್ಟರು.

ಕಾಲೇಜಿನಲ್ಲಿ ಪ್ರಯೋಗದ ದಾಖಲೆ ಪುಸ್ತಕ ಬರೆದವರಿಗೆ ಇದರ ಬೆಲೆ ತಿಳಿದೀತು. ಲೋಲಕದ ಐದನೆಯ ಅಳತೆ ತಪ್ಪಿಹೋದಾಗ ನಾಲ್ಕನೆಯದನ್ನೂ ಆರನೆಯದನ್ನೂ ನೋಡಿ ನಡುವಿನದೊಂದು ಅಂಕಿಯನ್ನು ತುರುಕುವುದು ನಮ್ಮೆಲ್ಲರ ಅಭ್ಯಾಸವಾಗಿತ್ತು. ನಮ್ಮ ರೇಖೆ ನೇರವಾಗಿ ಬರುತ್ತಿತ್ತು, ಸತ್ಯವಾಗಿ ಬರುತ್ತಿರಲಿಲ್ಲ. ಕವಿಯಾಗಿದ್ದ ಹಸನನಿಗೆ ಒಂದು ಚೆಂದದ ಮಾತನ್ನು ಹೊಸೆದು ಸೇರಿಸುವುದು ಕಷ್ಟವೇನಿರಲಿಲ್ಲ. ಅವನು ಹಾಗೆ ಮಾಡಲಿಲ್ಲ ಎಂಬುದರಿಂದಲೇ ಮಿಕ್ಕ ಮಾತುಗಳನ್ನು ನಾವು ನಂಬುತ್ತೇವೆ. ಖುಸ್ರೋ ತನ್ನ ಎಲ್ಲ ಕೃತಿಗಳನ್ನೂ ಕೊಟ್ಟು ಈ ಒಂದು ಪುಸ್ತಕವನ್ನು ತನ್ನದಾಗಿಸಿಕೊಳ್ಳಲು ಬಯಸಿದ್ದನೆಂದು ಹಳೆಯ ಗ್ರಂಥಗಳು ಹೇಳುತ್ತವೆ.

ಇನ್ನು ಪುಸ್ತಕದೊಳಗಿನ ಮಾತು. ಒಂದು ಸಲ ಹಸನನ ಸಂಬಳ ತಡವಾಗಿತ್ತು, ಅವನು ಚಿಂತೆಯಲ್ಲಿದ್ದ. ಗುರುಗಳು ಒಂದು ಕಥೆ ಹೇಳಿದರು. ಒಂದೂರಿನಲ್ಲಿ ಧನಿಕನಾದ ಒಬ್ಬ ಬ್ರಾಹ್ಮಣನಿದ್ದ. ಊರಿನ ಅಧಿಕಾರಿ ದಂಡ ಹಾಕಿ ಅವನ ಸರ್ವಸ್ವವನ್ನೂ ಕಿತ್ತುಕೊಂಡ. ದಾರಿಯಲ್ಲಿ ಸಿಕ್ಕ ಗೆಳೆಯ ಹೇಗಿದ್ದೀಯೆಂದು ಕೇಳಿದರೆ ಬ್ರಾಹ್ಮಣ ಚೆನ್ನಾಗಿದ್ದೇನೆಂದ. ಎಲ್ಲ ಹೋದ ಮೇಲೆ ಇನ್ನೆಂಥ ಚೆನ್ನ ಎಂದು ಗೆಳೆಯ ಬೆರಗಾದಾಗ, ಜನಿವಾರ ಇನ್ನೂ ನನ್ನ ಹತ್ತಿರವೇ ಇದೆಯಲ್ಲ ಎಂಬುದು ಅವನ ಉತ್ತರ. ಇದನ್ನು ಕೇಳಿ ಹಸನನ ಮನಸ್ಸು ಹಗುರವಾಯಿತು.

ತುಟ್ಟಿಭತ್ಯೆಯ ಬಾಕಿಯನ್ನು ಕುರಿತು ಮಧ್ಯಾಹ್ನದ ಡಬ್ಬಿ ಬಿಚ್ಚುವಾಗಲೆಲ್ಲ ಚರ್ಚಿಸುವ ನಮ್ಮಂಥವರಿಗೆ ಈ ಪ್ರಸಂಗ ಎಷ್ಟು ಹತ್ತಿರವಾದದ್ದೆಂದು ಬೇರೆ ಹೇಳಬೇಕಿಲ್ಲ. ಸೂಫಿ ಗುರು ಬ್ರಾಹ್ಮಣನ ಜನಿವಾರದಿಂದ ಮುಸಲ್ಮಾನ ಸೈನಿಕನಿಗೆ ಸಮಾಧಾನ ಹೇಳುವ ಔದಾರ್ಯವೂ ಇಲ್ಲಿದೆ. ಆದರೆ ವಿಮರ್ಶೆಯ ದೃಷ್ಟಿಯಿಂದ ನಾನು ಒತ್ತಿ ಹೇಳಬೇಕೆಂದಿರುವುದು ಬೇರೆ. ಆ ನೀತಿಕಥೆಯೊಂದನ್ನೇ ಬರೆದಿದ್ದರೆ ಅದು ಶಾಲೆಯ ಪಠ್ಯವಾಗುತ್ತಿತ್ತು. ‘ನನಗೆ ಸಂಬಳ ಬಂದಿರಲಿಲ್ಲ’ ಎಂಬ ತನ್ನ ಸಣ್ಣತನವನ್ನೂ ಹಸನ್ ಜೊತೆಗಿಟ್ಟಿರುವುದರಿಂದ ಕಥೆಗೆ ಒಂದು ನೆಲೆ ದೊರಕಿದೆ.

ಇನ್ನೊಂದು ಪ್ರಸಂಗ ನಡೆದದ್ದು ದೇವಗಿರಿಯಲ್ಲಿ, ಅಂದರೆ ಇಂದಿನ ದೌಲತಾಬಾದಿನಲ್ಲಿ. ಸೈನ್ಯ ಅಲ್ಲಿ ಬೀಡುಬಿಟ್ಟಿದ್ದಾಗ ಹಸನನ ಆಳು ಮಲೀಹ್ ಒಬ್ಬ ಚಿಕ್ಕ ಹುಡುಗಿಯನ್ನು ದಾಸಿಯಾಗಿ ಕೊಂಡಿದ್ದ. ದಂಡು ದೆಹಲಿಗೆ ಹೊರಟಾಗ ಅವಳ ತಂದೆತಾಯಿ ಅಳುತ್ತ ಬಂದು, ಕೊಂಡದ್ದಕ್ಕಿಂತ ಹೆಚ್ಚು ಹಣ ಕೊಡುತ್ತೇವೆ, ಮಗುವನ್ನು ಬಿಡಿ ಎಂದು ಬೇಡಿದರು. ಹಸನ್ ತಾನೇ ಆಳಿಗೆ ಹಣ ಕೊಟ್ಟು ಹುಡುಗಿಯನ್ನು ಬಿಡಿಸಿ, ಅವರ ಹಣವನ್ನೂ ಮರಳಿಸಿ ಕಳಿಸಿದ. ಗುರುಗಳು ಮೆಚ್ಚಿದರು. ಆ ತಂದೆತಾಯಿ ಯಾವ ಭಾಷೆಯಲ್ಲಿ ಅತ್ತರೋ! ದೇವಗಿರಿಯ ಸೇವುಣರ ಶಾಸನಗಳಲ್ಲಿ ಕನ್ನಡದವೂ ಅನೇಕವಿವೆ ಎಂಬುದನ್ನು ನೆನೆದಾಗ ನನ್ನ ಮನಸ್ಸು ಎಲ್ಲೆಲ್ಲಿಗೋ ಹೋಗುತ್ತದೆ. ರಾಜರ ಇತಿಹಾಸದಲ್ಲಿ ದೇವಗಿರಿಯ ಮೇಲಿನ ದಂಡಯಾತ್ರೆಗಳಿವೆ, ಲೂಟಿಯಾದ ಚಿನ್ನದ ಲೆಕ್ಕವಿದೆ. ಈ ಹುಡುಗಿ ಇರುವುದು ಮಾತುಕತೆಯ ಪುಸ್ತಕದಲ್ಲಿ ಮಾತ್ರ.

ಹಾಗಾದರೆ ಮಾತನ್ನು ಬರೆದಿಟ್ಟದ್ದೆಲ್ಲ ಸಾಹಿತ್ಯವೇ? ಅಲ್ಲ. ಅದಕ್ಕೆ ಸಾಕ್ಷಿಯೂ ಖುಲ್ತಾಬಾದಿನಲ್ಲೇ ಇದೆ. ಇಲ್ಲಿ ನೆಲೆಸಿ 1337ರಲ್ಲಿ ತೀರಿಕೊಂಡ ಬುರ್ಹಾನುದ್ದೀನ್ ಗರೀಬ್ ನಿಜಾಮುದ್ದೀನರ ಶಿಷ್ಯರು. ಅವರ ಮಾತುಗಳನ್ನು ಕಾಶಾನಿ ಮನೆತನದ ಅಣ್ಣತಮ್ಮಂದಿರು ಬರೆದರು. ರುಕ್ನುದ್ದೀನ್ ಬರೆದ ‘ನಫಾಯಿಸುಲ್ ಅನ್ಫಾಸ್’ ಹಸನನ ಮಾದರಿಯದು, ಬೈಠಕ್ಕಿನಿಂದ ಬೈಠಕ್ಕಿಗೆ ಸಾಗುವಂಥದು. ಹಮ್ಮಾದುದ್ದೀನನ ‘ಅಹ್ಸನುಲ್ ಅಕ್ವಾಲ್’ ಮಾತುಗಳನ್ನು ವಿಷಯವಾರು ವಿಂಗಡಿಸಿ ಅಧ್ಯಾಯಗಳಾಗಿ ಕಟ್ಟಿದೆ. ಮಜ್ದುದ್ದೀನನ ‘ಗರಾಯಿಬುಲ್ ಕರಾಮಾತ್’ ಪವಾಡಗಳ ಸಂಗ್ರಹ. ಅಮೆರಿಕದ ಕಾರ್ಲ್ ಅರ್ನ್ಸ್ಟ್ ಅವರು ಖುಲ್ತಾಬಾದನ್ನು ಕುರಿತು 1992ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇವುಗಳ ವಿವರ ಸಿಗುತ್ತದೆ.

ಒಬ್ಬರೇ ಗುರು, ಒಂದೇ ಮನೆಯ ಬರಹಗಾರರು, ಆದರೂ ಫಲ ಬೇರೆ ಬೇರೆ. ವಿಷಯವಾರು ಮಾಡಿದೊಡನೆ ಮಾತು ಕಡತವಾಯಿತು. ನಮ್ಮ ಕಚೇರಿಯ ಸಭೆಯ ನಡವಳಿಯಂತೆ ಅದರಲ್ಲಿ ನಿರ್ಣಯ ಉಳಿಯುತ್ತದೆ, ಚಹಾ ಕುಡಿಯುವಾಗ ಆಡಿದ ಮಾತು ಹೋಗುತ್ತದೆ. ಬೇಕಾದ ಉಪದೇಶವನ್ನು ಹುಡುಕಿ ತೆಗೆಯಲು ಅನುಕೂಲವೇನೋ ಹೌದು. ಪವಾಡದ ಪುಸ್ತಕದಲ್ಲಾದರೋ ನಿತ್ಯದ ಬದುಕು ಪವಾಡಕ್ಕೆ ಹಿನ್ನೆಲೆ ಮಾತ್ರ. ಇದಕ್ಕೂ ಮುಂದಿನ ಹಂತ ನಕಲಿ ಪುಸ್ತಕಗಳದು. ಹಿಂದಿನ ಗುರುಗಳದೆಂದು ಪ್ರಚಾರದಲ್ಲಿರುವ ಹಲವು ಮಲ್ಫೂಜಾತುಗಳು ಆಮೇಲೆ ಯಾರೋ ಹೆಣೆದವು ಎಂದು ಇತಿಹಾಸಕಾರ ಮೊಹಮ್ಮದ್ ಹಬೀಬರು 1950ರಲ್ಲಿ ಪ್ರಕಟಿಸಿದ ಪ್ರಸಿದ್ಧ ಪ್ರಬಂಧದಲ್ಲಿ ತೋರಿಸಿದ್ದಾರೆ. ಖಾಲಿ ಜಾಗವನ್ನು ಖಾಲಿಯಾಗಿಯೇ ಬಿಡುವ ಗುಣ ಎಲ್ಲರಿಗೂ ಇರುವುದಿಲ್ಲ.

ಈ ಪರಂಪರೆ ಕನ್ನಡ ನಾಡಿಗೆ ದೂರದ್ದಲ್ಲ. ಕಲಬುರಗಿಯ ಖ್ವಾಜಾ ಬಂದೇ ನವಾಜರು ಬಾಲ್ಯದ ಕೆಲವು ವರ್ಷಗಳನ್ನು ದೌಲತಾಬಾದಿನಲ್ಲಿ ಕಳೆದವರು. ಅವರ ತಂದೆ ಸೈಯದ್ ಯೂಸುಫರ ಗೋರಿ ಖುಲ್ತಾಬಾದಿನಲ್ಲಿದೆ. ಖ್ವಾಜಾರ ಮಾತುಗಳನ್ನೂ ಅವರ ಮಗ ‘ಜವಾಮಿಉಲ್ ಕಲಿಮ್’ ಎಂಬ ಹೆಸರಿನಲ್ಲಿ ಬರೆದಿಟ್ಟರು. ಇತ್ತೀಚಿನ ಕಾಲಕ್ಕೆ ಬಂದರೆ, ಬಂಗಾಳದ ಮಹೇಂದ್ರನಾಥ ಗುಪ್ತರು ದಿನಾಂಕಸಹಿತ ಬರೆದ ಶ್ರೀರಾಮಕೃಷ್ಣರ ಮಾತುಕತೆ ಕನ್ನಡಕ್ಕೆ ‘ವಚನವೇದ’ವಾಗಿ ಬಂದು ನಮ್ಮ ಎಷ್ಟೋ ಮನೆಗಳ ದೇವರ ಗೂಡಿನ ಪಕ್ಕದಲ್ಲಿದೆ. ಲೌಕಿಕದಲ್ಲಿ ಗೊರೂರರ ‘ಹಳ್ಳಿಯ ಚಿತ್ರಗಳು’, ಮೂರ್ತಿರಾಯರ ‘ಹಗಲುಗನಸುಗಳು’ ಇವೆ. ಇವು ಹರಟೆಯ ಹದವನ್ನು ಬಲ್ಲ ಕೃತಿಗಳು. ಆದರೆ ಅಲ್ಲಿ ಮಾತನಾಡುವವನು ಲೇಖಕನೊಬ್ಬನೇ. ಹಸನನ ಪುಸ್ತಕದಲ್ಲಿ ಲೇಖಕ ಕೇಳುವವನು.

ಔರಂಗಜೇಬನ ವಿಷಯವನ್ನು ಪೂರ್ತಿ ಬಿಟ್ಟರೆ ಓದುಗರು ಒಪ್ಪಲಾರರು. 1707ರಲ್ಲಿ ಅಹಮದನಗರದಲ್ಲಿ ತೀರಿಕೊಂಡ ಅವನನ್ನು ತಂದು ಹೂತದ್ದು ಬುರ್ಹಾನುದ್ದೀನರ ಉತ್ತರಾಧಿಕಾರಿ ಜೈನುದ್ದೀನರ ದರ್ಗಾದ ಆವರಣದಲ್ಲಿ. ಅವನ ಪತ್ರಗಳಲ್ಲಿಯೂ ಒಂದಿಷ್ಟು ದಿನನಿತ್ಯದ ಬದುಕು ಸಿಕ್ಕಿಕೊಂಡಿದೆ. ಮಗ ಆಜಂ ಶಾಹ ಕಳಿಸಿದ ಮಾವಿನ ಹಣ್ಣುಗಳಿಗೆ ಮುದುಕ ಚಕ್ರವರ್ತಿ ‘ಸುಧಾರಸ’, ‘ರಸನಾವಿಲಾಸ’ ಎಂದು ಹೆಸರಿಟ್ಟ. ಇನ್ನೊಂದು ಪತ್ರದಲ್ಲಿ ಮಗನ ಮನೆಯಲ್ಲಿ ಚಳಿಗಾಲದಲ್ಲಿ ಉಂಡ ಖಿಚಡಿ, ಬಿರಿಯಾನಿಗಳ ರುಚಿಯನ್ನು ನೆನೆದು, ಅಡುಗೆಯವನನ್ನು ಕೇಳಿದರೆ ನೀನು ಕೊಡಲಿಲ್ಲವೆಂದು ಆಕ್ಷೇಪಿಸುತ್ತಾನೆ. ಇದರಿಂದ ಅವನ ಆಳ್ವಿಕೆಯ ಲೆಕ್ಕ ಬದಲಾಗುವುದಿಲ್ಲ, ಬದಲಾಗಲೂ ಬಾರದು. ಆದರೆ ಹೊಗಳುವವರಿಗೂ ತೆಗಳುವವರಿಗೂ ಬೇಡವಾದ ಒಬ್ಬ ಮನುಷ್ಯ ಈ ಎರಡು ಪತ್ರಗಳಲ್ಲಿ ಕಾಣುತ್ತಾನೆ.

ಒಂದು ದೊಡ್ಡ ಕೊರತೆಯನ್ನೂ ಹೇಳಬೇಕು. ಈ ಎಲ್ಲ ಬರಹಗಳಲ್ಲಿ ಹೆಂಗಸರ ದನಿ ತೀರ ಕಡಿಮೆ. ಮನೆಯಲ್ಲಿ ಕಾಳಿಲ್ಲದ ದಿನ ನಿಜಾಮುದ್ದೀನರ ತಾಯಿ, ಇಂದು ನಾವು ದೇವರ ಅತಿಥಿಗಳು ಎಂದು ಮಗನಿಗೆ ಹೇಳುತ್ತಿದ್ದರಂತೆ. ಮಗ ನೆನೆಸಿಕೊಂಡದ್ದರಿಂದ ಆ ಒಂದು ಮಾತು ಉಳಿಯಿತು. ಅವರು ಆಡಿದ ಮಿಕ್ಕ ಮಾತುಗಳಿಗೆ ಹಾಳೆ ಹಿಡಿದು ಕುಳಿತವರಿರಲಿಲ್ಲ.

ಇಷ್ಟನ್ನೆಲ್ಲ ನಮ್ಮ ಮಾಸಿಕದಲ್ಲಿ ಬರೆಯಲು ಕಾರಣವಿದೆ. ಸಂಘದ ಹಳೆಯ ಸಂಚಿಕೆಗಳನ್ನು ತಿರುವಿದಾಗ ರಾಜ್ಯೋತ್ಸವದ ವರದಿ, ಸನ್ಮಾನದ ಭಾವಚಿತ್ರ, ವಾರ್ಷಿಕ ಸಭೆಯ ನಡವಳಿ ಹೇರಳವಾಗಿ ಸಿಗುತ್ತವೆ. ಊರು ಬಿಟ್ಟು ಬಂದವರು ಚಾಳಿನ ಕೋಣೆಯಲ್ಲಿ ಏನು ಮಾತನಾಡಿಕೊಂಡರು, ಒಂದೇ ಒಲೆಯಲ್ಲಿ ಎಷ್ಟು ಜನ ಬೇಯಿಸಿಕೊಂಡರು, ಮೊದಲ ಸಂಬಳದಲ್ಲಿ ಊರಿಗೆ ಎಷ್ಟು ಕಳಿಸಿದರು ಎಂಬುದು ಸಿಗುವುದಿಲ್ಲ. ನಾವೂ ಅಹ್ಸನುಲ್ ಅಕ್ವಾಲಿನ ದಾರಿ ಹಿಡಿದಿದ್ದೇವೆ.

ನನ್ನದೇ ತಪ್ಪೊಂದನ್ನು ಒಪ್ಪಿಕೊಂಡು ಮುಗಿಸುತ್ತೇನೆ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ತಂದೆಯವರು ತಿಂಗಳಿಗೆರಡು ಇನ್‌ಲ್ಯಾಂಡ್ ಪತ್ರ ಬರೆಯುತ್ತಿದ್ದರು. ಮಳೆ ಬಂತು, ಕೆಂದ ಹಸು ಈದಿತು, ಅಡಿಕೆಗೆ ದರವಿಲ್ಲ, ನಿನ್ನ ತಾಯಿಗೆ ಮಂಡಿನೋವು, ಇಷ್ಟೇ. ಮುಖ್ಯವಾದದ್ದೇನೂ ಇಲ್ಲವೆಂದುಕೊಂಡು, ವರ್ಗವಾಗಿ ಕ್ವಾರ್ಟರ್ಸ್ ಖಾಲಿ ಮಾಡುವಾಗ ಹಳೆಯ ಪತ್ರಿಕೆಗಳ ಜೊತೆ ರದ್ದಿಗೆ ಹಾಕಿದೆ. ಕಳೆದ ವರ್ಷ ಮಗಳು, ಅಜ್ಜ ಹೇಗೆ ಮಾತನಾಡುತ್ತಿದ್ದರು ಅಪ್ಪಾ ಎಂದು ಕೇಳಿದಳು. ಅವಳಿಗೆ ಹೇಳಹೊರಟರೆ ಬಾಯಿಗೆ ಬಂದದ್ದು ನನ್ನ ಮಾತೇ ಹೊರತು ಅವರದಲ್ಲ. ಹಸನನಂತೆ ಜಾಗವನ್ನು ಖಾಲಿ ಬಿಡುವುದೊಂದೇ ಉಳಿದಿತ್ತು. ತುಂಬಿಕೊಡಲು ಅವರಿಲ್ಲ.

ಸಂಘದ ಹಿರಿಯರಲ್ಲಿ ಇನ್ನೂ ಅನೇಕರು ನಮ್ಮ ನಡುವೆ ಇದ್ದಾರೆ. ಅವರ ಮನೆಗೆ ಹೋದಾಗ ಮಾತು ಕೇಳಿ, ಮನೆಗೆ ಬಂದು ತಾರೀಖು ಹಾಕಿ ನಾಲ್ಕು ಸಾಲು ಬರೆದಿಡುವವರು ಯಾರಾದರೂ ಇದ್ದರೆ, ಸಂಪಾದಕರು ಪ್ರತಿ ತಿಂಗಳೂ ಒಂದು ಪುಟವನ್ನು ಅದಕ್ಕೆಂದು ಮೀಸಲಿಡಬೇಕೆಂದು ವಿನಂತಿ. ಹೆಂಗಸರ ಮಾತನ್ನು ಮೊದಲು ಬರೆದುಕೊಂಡರೆ ಇನ್ನೂ ಒಳ್ಳೆಯದು.