ಮಹಾಯುದ್ಧಗಳು ತಂದ ಕೆಲವು ಶಬ್ದಗಳು

ಕಳೆದ ಶತಮಾನದ ಎರಡು ಮಹಾಯುದ್ಧಗಳಿಂದ ನಮ್ಮ ಭಾಷೆಗೆ ಬಂದ ಶಬ್ದರಾಶಿಯು ಅಲ್ಪವಾದುದಲ್ಲ. ಸಾಮ್ರಾಜ್ಯಶಾಹಿ, ಬಂಡವಾಳಶಾಹಿ, ಕದನವಿರಾಮ ಮೊದಲಾದವು ಈಗ ಶಾಲೆಯ ಬಾಲಕರಿಗೂ ಬಾಯಿಪಾಠವಾಗಿವೆ. ಇವುಗಳಲ್ಲಿ ಕೆಲವು ಬಹು ಸೊಗಸಾದ ಸೃಷ್ಟಿಗಳು. ಕದನವಿರಾಮವನ್ನೇ ನೋಡಿರಿ. 1918ನೆಯ ನವೆಂಬರ್ 11ರಂದು ಫಿರಂಗಿಗಳು ಸುಮ್ಮನಾದುವು. ಜರ್ಮನಿಯೊಡನೆ ಸಂಧಿಯಾದುದು 1919ನೆಯ ಜೂನ್ 28ರಂದು. ಯುದ್ಧವು ನಿಂತಿತೇ ಹೊರತು ಮುಗಿಯಲಿಲ್ಲವೆಂಬ ಆ ನಡುಗಾಲದ ಸ್ಥಿತಿಯನ್ನು ನಮ್ಮ ಶಬ್ದವು ತಪ್ಪದೆ ಹಿಡಿದಿದೆ.

ಎಲ್ಲ ಶಬ್ದಗಳಿಗೂ ಈ ಭಾಗ್ಯವಿಲ್ಲ. ರಾಜಕೀಯ ಮತಗಳಿಗೆಲ್ಲ 'ವಾದ'ವೆಂಬ ಬಾಲವನ್ನು ಅಂಟಿಸುವುದು ನಮ್ಮಲ್ಲಿ ರೂಢಿಯಾಗಿದೆ. ಮಾರ್ಕ್ಸನ ಸಿದ್ಧಾಂತಕ್ಕೆ ಇದು ಒಪ್ಪುತ್ತದೆ. ಆತನು ಜೀವಮಾನವೆಲ್ಲ ಪೂರ್ವಪಕ್ಷಗಳನ್ನು ಎತ್ತಿ ಖಂಡಿಸುತ್ತ ಬರೆದವನು. ಆದರೆ ನಾಜಿವಾದ, ಫ್ಯಾಸಿವಾದಗಳೆಂದರೇನು? ನ್ಯಾಯಶಾಸ್ತ್ರದಲ್ಲಿ ತತ್ತ್ವನಿರ್ಣಯಕ್ಕಾಗಿ ನಡೆಯುವುದು ವಾದ, ಗೆಲವಿಗಾಗಿ ನಡೆಯುವುದು ಜಲ್ಪ, ತನ್ನದೆಂಬ ಪಕ್ಷವಿಲ್ಲದೆ ಬರಿದೆ ಪರಪಕ್ಷವನ್ನು ಒಡೆಯುವುದು ವಿತಂಡೆ. 1933ನೆಯ ಜುಲೈ 14ರ ಶಾಸನದಿಂದ ಹಿಟ್ಲರನು ತನ್ನದೊಂದನ್ನುಳಿದು ಇನ್ನಾವ ಪಕ್ಷವೂ ಜರ್ಮನಿಯಲ್ಲಿ ಇರಕೂಡದೆಂದು ವಿಧಿಸಿದನು. ಇದನ್ನು ವಾದವೆನ್ನುವುದು ಹೇಗೆ? ಜಲ್ಪವೆನ್ನೋಣವೆಂದರೆ, ಅಲ್ಲಿಯೂ ಪ್ರತಿವಾದಿಯೊಬ್ಬನು ಬದುಕಿರಬೇಕಷ್ಟೆ! ಇಟಲಿಯವರು ತಾವಿಟ್ಟುಕೊಂಡ ಹೆಸರಿನಲ್ಲಿ ಪ್ರಾಮಾಣಿಕರಾಗಿದ್ದರು. ಅದರ ಮೂಲವಾದ 'ಫಾಶಿಯೊ' ಎಂದರೆ ಕಟ್ಟು, ಹೊರೆ. ರೋಮಿನ ಅಧಿಕಾರಿಗಳ ಮುಂದೆ ಹೊತ್ತು ನಡೆಯುತ್ತಿದ್ದ, ಕೊಡಲಿಯನ್ನು ಸೇರಿಸಿ ಕಟ್ಟಿದ ಕೋಲುಗಳ ಹೊರೆಯು ಅವರ ಲಾಂಛನ. ಕೋಲು ಕೊಡಲಿಗಳಲ್ಲಿ ವಾದವೆಲ್ಲಿಯದು? 'ಪಂಥ'ವೆಂದಿದ್ದರೆ ಸಾಕಾಗಿತ್ತು.

ಇದು ಪಂಡಿತರ ಚರ್ಚೆಯೆಂದು ಯಾರಾದರೂ ನಕ್ಕರೆ ನನಗೆ ಬೇಸರವಿಲ್ಲ. ಆದರೆ 'ನರಮೇಧ', 'ಮಾರಣಹೋಮ'ಗಳ ವಿಷಯದಲ್ಲಿ ನಗುವುದು ಸಾಧ್ಯವಾಗದು. ಯೂರೋಪಿನ ಅರುವತ್ತು ಲಕ್ಷ ಯೆಹೂದ್ಯರ ಕೊಲೆಯನ್ನು ಹೇಳಬೇಕಾದಾಗ ನಮ್ಮ ಲೇಖನಿಗೆ ಥಟ್ಟನೆ ಬರುವ ಮಾತುಗಳಿವು. ಎರಡೂ ಯಜ್ಞಶಾಲೆಯಿಂದ ಬಂದವು. ಮೇಧವೆಂದರೆ ಬಲಿ, ಹೋಮವೆಂದರೆ ಆಹುತಿ. ಬಲಿಗೆ ಯಜಮಾನನು ಬೇಕು, ಸ್ವೀಕರಿಸುವ ದೇವತೆಯು ಬೇಕು, ಕಡೆಯಲ್ಲಿ ಒಂದು ಫಲವೂ ಬೇಕು. ಆ ಮಕ್ಕಳು ಮುದುಕರು ಯಾವ ದೇವತೆಗೆ ಆಹುತಿಯಾದರು? ಇಂಗ್ಲಿಷಿನ 'ಹಾಲೊಕಾಸ್ಟ್' ಎಂಬುದಕ್ಕೂ ಗ್ರೀಕಿನಲ್ಲಿ ಪೂರ್ಣವಾಗಿ ಸುಟ್ಟ ಬಲಿಯೆಂದೇ ಅರ್ಥ. ಯೆಹೂದ್ಯರಲ್ಲಿ ಅನೇಕರು ಇದನ್ನು ಸಹಿಸದೆ, ವಿಪತ್ತು ಎಂದಷ್ಟೇ ಅರ್ಥವುಳ್ಳ ತಮ್ಮ ಹೀಬ್ರೂ ಭಾಷೆಯ 'ಶೊಆ'ವನ್ನು ಬಳಸುತ್ತಾರೆ.

ಕೊಂದವರಾದರೋ ಯಜ್ಞದ ಮಾತನ್ನಾಡಲಿಲ್ಲ, ಕಚೇರಿಯ ಮಾತನ್ನಾಡಿದರು. 1942ನೆಯ ಜನವರಿ 20ರಂದು ಬರ್ಲಿನ್ನಿನ ವಾನ್ಸೇ ಎಂಬಲ್ಲಿ ಅಧಿಕಾರಿಗಳು ಕೂಡಿ ಚರ್ಚಿಸಿದುದಕ್ಕೆ 'ಅಂತಿಮ ಪರಿಹಾರ'ವೆಂದು ಹೆಸರು. ಕೊಲ್ಲುವುದಕ್ಕೆ 'ವಿಶೇಷ ಉಪಚಾರ'ವೆಂದು ಕಡತಗಳಲ್ಲಿ ಬರೆದರು. ಡ್ರೆಸ್ಡೆನ್ನಿನ ಭಾಷಾಶಾಸ್ತ್ರಜ್ಞ ವಿಕ್ಟರ್ ಕ್ಲೆಂಪೆರರನು ಸ್ವತಃ ಬಹಿಷ್ಕೃತನಾಗಿ, ಪ್ರಾಣಭಯದ ನಡುವೆ, ಇಂತಹ ಮಾತುಗಳನ್ನು ದಿನಚರಿಯಲ್ಲಿ ಗುರುತಿಸಿಟ್ಟು 1947ರಲ್ಲಿ ಗ್ರಂಥರೂಪವಾಗಿ ಪ್ರಕಟಿಸಿದನು. 'ಮತಾಂಧ' ಎಂಬ ಅರ್ಥದ ಬಯ್ಗಳು ಆ ರಾಜ್ಯದಲ್ಲಿ ಹೊಗಳಿಕೆಯಾಗಿ ತಿರುಗಿದ ಬಗೆಯನ್ನು ಆತನು ತೋರಿಸಿರುವುದು ಓದತಕ್ಕುದಾಗಿದೆ. ಗುಮಾಸ್ತೆಯ ಶಾಯಿಯಿಂದ ನಡೆದ ಕಾರ್ಯಕ್ಕೆ ನಾವು ಹೋಮಧೂಮವನ್ನು ಕವಿಸಿದರೆ ಆ ಗುಮಾಸ್ತೆಯು ನಮ್ಮ ಕಣ್ಣಿಗೆ ಮರೆಯಾಗುತ್ತಾನೆ. ನನ್ನ ಆಕ್ಷೇಪಣೆಯ ತಿರುಳು ಇದೇ.

ರಫಾಯೆಲ್ ಲೆಮ್ಕಿನ್ ಎಂಬ ಪೋಲೆಂಡಿನ ಯೆಹೂದ್ಯ ನ್ಯಾಯವಾದಿಯು 1944ರಲ್ಲಿ 'ಜೆನೊಸೈಡ್' ಎಂಬ ಹೊಸ ಶಬ್ದವನ್ನು ಕಟ್ಟಿದನು. ಗ್ರೀಕಿನ 'ಗೆನೊಸ್', ನಮ್ಮ 'ಜನ' ಎರಡೂ ಒಂದೇ ಮೂಲದವು. ಆದುದರಿಂದ 'ಜನಾಂಗಹತ್ಯೆ' ಎಂಬ ಅನುವಾದವು ಅರ್ಥಕ್ಕೂ ಧಾತುವಿಗೂ ಸಮೀಪವಾಗಿದೆ. ಇದರಲ್ಲಿ ದೋಷವಿಲ್ಲವೆಂದಲ್ಲ. ಸಂಯುಕ್ತ ರಾಷ್ಟ್ರಗಳ 1948ನೆಯ ಡಿಸೆಂಬರ್ 9ರ ಒಡಂಬಡಿಕೆಯು ರಾಷ್ಟ್ರ, ಕುಲ, ವರ್ಣಗಳ ಜೊತೆಗೆ ಮತವನ್ನು ಹಿಡಿದು ನಿಂತ ಸಮುದಾಯವನ್ನೂ ರಕ್ಷಿಸುತ್ತದೆ. 'ಜನಾಂಗ'ದಲ್ಲಿ ಈ ಕಡೆಯದು ಸ್ಪಷ್ಟವಾಗಿ ಕೇಳಿಸುವುದಿಲ್ಲ. ಕೋಶಕರ್ತರು ಇದನ್ನು ಟಿಪ್ಪಣಿಯಲ್ಲಿ ಹೇಳಿದರೆ ಸಾಲದೇ? ನರಮೇಧವನ್ನು ಮಾತ್ರ ಪುರಾಣಿಕರಿಗೆ ಬಿಟ್ಟುಕೊಡುವುದು ಲೇಸು.