ಪಂಪಿಗೆ ಕೈ ಹಾಕುವ ಮುನ್ನ

ಗೋವೆಯ ಮಡಗಾಂವದ ಮೋತಿ ಡೊಂಗರ್‌ನಲ್ಲಿ ಉತ್ತರ ಕರ್ನಾಟಕದಿಂದ ದುಡಿಯಲು ಬಂದು ನೆಲೆ ನಿಂತ ಮನೆಗಳಿವೆ. ಹಳೆಯ ಟಾಟಾ ಲಾರಿ ಓಡಿಸುವವರು ಅಲ್ಲಿನ ಕನ್ನಡದಲ್ಲಿ ಹೇಳುವ ದೂರು ಇದು: ‘ಖಾಲಿ ಇದ್ದಾಗ ಛಲೋ ಓಡ್ತೈತ್ರೀ, ಲೋಡ್ ಹಾಕಿದ್ರ ಘಟ್ಟದಾಗ ಜಗ್ಗವಲ್ದು. ಪಂಪ್ ಹೋಗೇತಿ.’ ದೂರಿನ ಮೊದಲ ಭಾಗ ಅಪ್ಪಟ ಮಾಹಿತಿ. ಕೊನೆಯ ತೀರ್ಪನ್ನು ನಾನು ಒಪ್ಪುವುದಿಲ್ಲ.

ಆ ಗಾಡಿಗಳಲ್ಲಿ ಹೆಚ್ಚಾಗಿ ಸಿಗುವುದು ನಾಜಲ್‌ಗಳಿಗೆ ಡೀಸೆಲ್ ತಳ್ಳುವ ಮೈಕೋ ಪಂಪು. 1951ರಲ್ಲಿ ಶುರುವಾಗಿ ಬೆಂಗಳೂರಿನ ಆಡುಗೋಡಿಯಲ್ಲಿ ಬೆಳೆದ ಕಂಪನಿ ಅದು. 2008ರಿಂದ ಬಾಷ್ ಎಂಬ ಹೆಸರು. ಒಳಗಿನ ಪ್ಲಂಜರಿಗೂ ಬ್ಯಾರೆಲ್ಲಿಗೂ ನಡುವೆ ಇರುವುದು ಕೆಲವೇ ಮೈಕ್ರಾನ್ ಅಂತರ. ಶುದ್ಧ ಡೀಸೆಲ್ ಕೊಟ್ಟರೆ ವರ್ಷಗಟ್ಟಲೆ ದುಡಿಯುವ ಈ ಯಂತ್ರವನ್ನು ಟೆಸ್ಟ್ ಬೆಂಚ್ ಇಲ್ಲದ ಕಡೆ ಬಿಚ್ಚುವುದು ಅನ್ಯಾಯ.

ಮೊದಲು ಹೊಗೆ ನೋಡಿ. ಮೊಲ್ಲೆಂ ದಾಟಿ ಅನಮೋಡ ಘಟ್ಟ ಹತ್ತುವಾಗ ಆಕ್ಸಿಲರೇಟರ್ ಪೂರ್ತಿ ಒತ್ತಿದರೂ ಕರಿಹೊಗೆ ಕಾರುತ್ತ ಸೋಲುವ ಗಾಡಿಗೆ ಸಾಮಾನ್ಯವಾಗಿ ಡೀಸೆಲ್ ಕೊರತೆಯಿಲ್ಲ, ಗಾಳಿಯ ಕೊರತೆ. ಏರ್ ಕ್ಲೀನರಿನಲ್ಲಿ ಕೆಂಪು ಧೂಳು ಕಟ್ಟಿರುತ್ತದೆ. ಎಕ್ಸಾಸ್ಟ್ ಬ್ರೇಕ್ ಇದ್ದರೆ ಅದರ ತಟ್ಟೆ ಅರ್ಧ ಮುಚ್ಚಿಕೊಂಡೇ ಸಿಕ್ಕಿಬಿದ್ದಿರಲೂಬಹುದು. ನೀಲಿ ಹೊಗೆ ಬಂತೆಂದರೆ ಆಯಿಲ್ ಉರಿಯುತ್ತಿದೆ, ಅದು ಬೇರೆಯೇ ಖರ್ಚು.

ಹೊಗೆಯೂ ಇಲ್ಲ, ಎಳೆತವೂ ಇಲ್ಲ ಎಂದರೆ ಡೀಸೆಲ್ ತಲುಪುತ್ತಿಲ್ಲ. ಆಕ್ಸಿಲರೇಟರನ್ನು ಒಬ್ಬರು ಪೂರ್ತಿ ಒತ್ತಲಿ. ಪಂಪಿನ ಲಿವರ್ ಕೊನೆಯ ಸ್ಟಾಪಿಗೆ ಮುಟ್ಟುತ್ತದೆಯೇ ಎಂದು ಇನ್ನೊಬ್ಬರು ನೋಡಲಿ. ಸವೆದ ರಾಡಿನಿಂದಲೇ ಅರ್ಧ ಶಕ್ತಿ ಕಳೆದುಕೊಂಡ ಗಾಡಿಗಳುಂಟು. ಗಾಡಿ ಸೋತ ಕೂಡಲೇ ಟ್ಯಾಂಕಿನ ಮುಚ್ಚಳ ತೆರೆಯಿರಿ. ಬುಸ್ಸೆಂದು ಗಾಳಿ ಒಳಗೆ ನುಗ್ಗಿ, ಮುಂದೆ ಸ್ವಲ್ಪ ದೂರ ಚೆನ್ನಾಗಿ ಎಳೆದರೆ ಮುಚ್ಚಳದ ಗಾಳಿರಂಧ್ರ ಮುಚ್ಚಿದೆ. ಆಮೇಲೆ ಫೀಡ್ ಪಂಪಿನ ಜಾಲರಿ, ಡೀಸೆಲ್ ಫಿಲ್ಟರ್. ಟ್ಯಾಂಕಿನಿಂದ ಫೀಡ್ ಪಂಪಿನವರೆಗಿನ ಪೈಪಿನಲ್ಲಿರುವುದು ಎಳೆತ, ಒತ್ತಡವಲ್ಲ. ಅಲ್ಲಿ ವಾಷರ್ ಸಡಿಲವಾದರೆ ಡೀಸೆಲ್ ಹೊರಗೆ ಸೋರುವ ಬದಲು ಗಾಳಿ ಒಳಗೆ ಸೇರುತ್ತದೆ. ‘ಎಲ್ಲೂ ಲೀಕಿಲ್ಲ’ ಎಂಬ ಮಾತಿಗೆ ಬೆಲೆ ಇಲ್ಲದಿರುವುದು ಇದಕ್ಕೇ. ಓವರ್‌ಫ್ಲೋ ವಾಲ್ವಿನ ಸ್ಪ್ರಿಂಗ್ ಸೋತರೂ ಲಕ್ಷಣ ಹೀಗೇ ಇರುತ್ತದೆ. ಅದನ್ನು ನೋಡುವವರು ಕಡಿಮೆ.

ಗೋವೆಯಲ್ಲಿ ಗಣಿಯ ಅದಿರು ಹೊರುವ ಟಿಪ್ಪರುಗಳಿಗೆ ಇನ್ನೊಂದು ರೋಗ ಅಂಟಿತ್ತು: ನಿಂತಿದ್ದು. 2012ರಲ್ಲಿ ಗಣಿಗಾರಿಕೆ ನಿಂತಿತು. 2018ರ ಫೆಬ್ರುವರಿ 7ರಂದು ಸುಪ್ರೀಂ ಕೋರ್ಟ್ 88 ಗುತ್ತಿಗೆಗಳನ್ನು ರದ್ದು ಮಾಡಿದಾಗ ಮತ್ತೆ ನಿಂತಿತು. ಅರ್ಧ ತುಂಬಿದ ಟ್ಯಾಂಕಿನೊಂದಿಗೆ ಈ ಕರಾವಳಿಯ ಮಳೆಗಾಲ ಕಳೆದ ಗಾಡಿಯಲ್ಲಿ ತೇವ ನೀರಾಗಿ ತಳಕ್ಕಿಳಿಯುತ್ತದೆ, ತುಕ್ಕು ಹುಟ್ಟುತ್ತದೆ, ಡೀಸೆಲ್ಲೂ ನೀರೂ ಸೇರುವಲ್ಲಿ ಕಪ್ಪು ಲೋಳೆ ಬೆಳೆಯುತ್ತದೆ. ಅಂಥ ಗಾಡಿಗೆ ಬರೀ ಹೊಸ ಫಿಲ್ಟರ್ ಹಾಕಿದರೆ ಎರಡನೇ ಘಟ್ಟದಲ್ಲೇ ಅದೂ ಕಟ್ಟುತ್ತದೆ. ಟ್ಯಾಂಕ್ ಇಳಿಸಿ ತೊಳೆಯಲೇಬೇಕು.

ಇಷ್ಟಾದರೂ ಸರಿಯಾಗದಿದ್ದರೆ ಎಂಜಿನ್ ನಿಧಾನಕ್ಕೆ ಓಡುತ್ತಿರುವಾಗ ನಾಜಲ್ ಪೈಪುಗಳ ನಟ್ಟುಗಳನ್ನು ಒಂದೊಂದಾಗಿ ಸಡಿಲಿಸಿ; ಚಿಮ್ಮುವ ಡೀಸೆಲ್ಲಿಗೆ ಕೈ ಒಡ್ಡಬೇಡಿ. ಯಾವುದನ್ನು ಸಡಿಲಿಸಿದಾಗ ಎಂಜಿನ್ ಸದ್ದು ಬದಲಾಗುವುದಿಲ್ಲವೋ ಆ ಸಿಲಿಂಡರ್ ದುಡಿಯುತ್ತಿಲ್ಲ. ಅದರ ನಾಜಲ್, ವಾಲ್ವ್ ಗ್ಯಾಪ್, ಕಂಪ್ರೆಷನ್ ನೋಡಿ. ಪಂಪಿನ ಸರದಿ ಆಮೇಲೆ, ಅದೂ ಬೆಂಚ್ ಇರುವ ಅಂಗಡಿಯಲ್ಲಿ. ಸೀಲ್ ಒಡೆದು ಫುಲ್ ಲೋಡ್ ಸ್ಕ್ರೂ ತಿರುವುತ್ತೇನೆ ಎನ್ನುವವರ ಕೈಗೆ ಮಾತ್ರ ಸ್ಪ್ಯಾನರ್ ಕೊಡಬೇಡಿ: ಒಂದು ವಾರ ಗಾಡಿ ಹಾರುತ್ತದೆ, ಆಮೇಲೆ ಪಿಸ್ಟನ್ ಸುಡುತ್ತದೆ.